ಸ್ವಇಚ್ಛೆಯಿಂದ ಹೋದವರು

8 ಫೆಬ್ರವರಿ 1999, ಸೋಮವಾರ

ಕಂಪನಿಯವರು ಕೊಡುತ್ತೇವೆ ಎಂದದ್ದನ್ನೂ ಕೊಡದೆ ಹೋದದ್ದನ್ನೂ ಬರೆದಿಡುತ್ತೇನೆ. ನನ್ನನ್ನು ಬಿಟ್ಟು ಇನ್ನಾರೂ ಇದನ್ನು ಓದಬೇಕಿಲ್ಲ.

ಇನ್ನೂರ ನಲವತ್ತು ದಿನ ದುಡಿದವರಿಗೆ ಕಾಯಂ ಆರ್ಡರ್ ಎಂದರು. ಅರವತ್ತನಾಲ್ಕು ಹೆಂಗಸರಲ್ಲಿ ಹನ್ನೊಂದು ಜನಕ್ಕೆ ಕೊಟ್ಟರು. ಉಳಿದವರಿಗೆ ಇನ್ನೂರ ಮೂವತ್ತನೇ ದಿನ ಬಂದ ಕೂಡಲೇ ಹದಿನೈದು ದಿನ ರೆಸ್ಟು, ಮತ್ತೆ ಒಂದನೇ ದಿನದಿಂದ ಲೆಕ್ಕ.

ಟಾರ್ಚಿನ ಹಿತ್ತಾಳೆ ಕೊಳವೆಗೆ ನಿಕ್ಕಲ್ ಹಾಕುವ ಪ್ಲೇಟಿಂಗ್ ಸೆಕ್ಷನ್ನಿಗೆ ಹೊಗೆ ಎಳೆಯುವ ಫ್ಯಾನು ಎಂದರು. ಫ್ಯಾನು ಬಂತು, ಗೋಡೆಗೆ ಕೂತಿತು. ಆರು ವರ್ಷವಾಯಿತು, ವೈರು ಬಂದಿಲ್ಲ. ಅದರೊಳಗೆ ಪಾರಿವಾಳ ಸಂಸಾರ ಹೂಡಿದೆ.

ಪ್ಲೇಟಿಂಗಿನಲ್ಲಿ ಯಾರನ್ನೂ ಮೂರು ತಿಂಗಳಿಗಿಂತ ಹೆಚ್ಚು ಇಡುವುದಿಲ್ಲ ಎಂದರು. ಅದೂ ನಿಜವಾಯಿತು. ಮೂರು ತಿಂಗಳಾಗುವ ಮೊದಲೇ ಅವರೇ ಕೆಲಸ ಬಿಟ್ಟು ಹೋಗುತ್ತಾರೆ.

ಗುಬ್ಬಿ ಕಡೆಯಿಂದ ರೈಲಿನಲ್ಲಿ ಬರುವವರಿಗಾಗಿ ಶಿಫ್ಟು ಎಂಟೂವರೆಗೆ ಎಂದರು. ಒಂದು ವರ್ಷ ನಡೆಸಿ ಎಂಟಕ್ಕೆ ಎಳೆದರು. ರೈಲು ಎಳೆಯಲು ಆಗಲಿಲ್ಲ.

ಬಚ್ಚಲಿಗೆ ಹೋಗಲು ಟೋಕನ್ ತೆಗೆಯುತ್ತೇವೆ ಎಂದರು. ಈಗಲೂ ಸಾಲಿಗೆ ಎರಡು ಟೋಕನ್. ಮೊದಲು ತಗಡಿನದಿತ್ತು. ಈಗ ನಮ್ಮಲ್ಲೇ ನಿಕ್ಕಲ್ ಹಾಕಿದ್ದು, ಮುಖ ಕಾಣುವಷ್ಟು ಹೊಳಪು.

ಈ ಐದನ್ನೂ ಬರೆದವನು ನಾನೇ. ತೊಂಬತ್ತಮೂರರಲ್ಲಿ ಈ ಟಾರ್ಚ್ ಕಾರ್ಖಾನೆಯ ಗೇಟಿನ ಮುಂದೆ ಹತ್ತೊಂಬತ್ತು ದಿನ ಕೂತಿದ್ದೆವು. ನಾನು ಆಗ ಫಿಟ್ಟರ್. ಕರಪತ್ರ ನನ್ನದು, ಘೋಷಣೆ ನನ್ನದು, ಒಪ್ಪಂದದ ಕನ್ನಡ ನನ್ನದು. ಸಹಿಯಾದ ಆರು ತಿಂಗಳಿಗೆ ಮಾಲೀಕರು ಕರೆದು, ನಿಮ್ಮಂಥವರು ಮೇಲಿದ್ದರೆ ಕೆಲಸಗಾರರಿಗೇ ಒಳ್ಳೆಯದಲ್ಲವೇ ಎಂದು ಕೇಳಿದರು. ಒಳ್ಳೆಯದು ಎಂದೆ. ಸೂಪರ್‌ವೈಸರ್ ಆದೆ. ಮಹಾಲಿಂಗಯ್ಯ ಎಂಬ ಹೆಸರಿನ ಮುಂದೆ ಶ್ರೀ ಬಂತು.

ಇವತ್ತು ಇನ್ನೊಬ್ಬಳು ಬಿಟ್ಟಳು. ದೀಪಾವಳಿಯಿಂದೀಚೆಗೆ ಎಂಟನೆಯವಳು. ಈ ಕಾರ್ಖಾನೆಯಲ್ಲಿ ಯಾರನ್ನೂ ಕೆಲಸದಿಂದ ತೆಗೆದ ದಾಖಲೆ ಇಲ್ಲ. ಪ್ಲೇಟಿಂಗಿಗೆ ಹಾಕಿದರೆ ಸಾಕು. ಬಿಡುವವರೆಲ್ಲ ಅರ್ಜಿ ಬರೆಸಲು ನನ್ನ ಹತ್ತಿರವೇ ಬರುತ್ತಾರೆ. ಹತ್ತೊಂಬತ್ತು ದಿನದಿಂದ ಬೆಳೆದ ರೂಢಿ ಅದು: ಏನಾದರೂ ಬರೆಸಬೇಕೇ, ಮಾಲಿಂಗಣ್ಣನ ಕೈಲಿ ಬರೆಸು. ನಾನು ಬರೆಯುತ್ತೇನೆ. "ಮನೆಯ ಪರಿಸ್ಥಿತಿಯ ನಿಮಿತ್ತ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ." ಎಂಟು ಸಲ ಬರೆದಾಯಿತು. ಈಗ ಯೋಚನೆ ಮಾಡದೆ ಬರುತ್ತದೆ.

11 ಫೆಬ್ರವರಿ, ಗುರುವಾರ

ಜನರಲ್ ಮ್ಯಾನೇಜರ್ ರಂಗನಾಥ್ ಕರೆಸಿದ್ದರು. ಕುರ್ಚಿ ತೋರಿಸಿದರು. ಅವರು ಕೂರಿಸಿ ಮಾತಾಡಿದ ದಿನ ಏನೋ ಕಾದಿರುತ್ತದೆ.

"ಪ್ಲಾಸ್ಟಿಕ್ ಟಾರ್ಚ್ ಬಂದು ನಮ್ಮ ಹಿತ್ತಾಳೆ ಟಾರ್ಚ್ ಕೇಳೋರಿಲ್ಲ ಮಹಾಲಿಂಗಯ್ಯನವ್ರೇ. ಮಾರ್ಚ್ ಮುಗಿಯೋದ್ರೊಳಗೆ ಹನ್ನೆರಡು ಜನ ಕಮ್ಮಿ ಆಗ್ಬೇಕು."

"ತೆಗೆದ್ರೆ ಗಲಾಟೆ ಆಗುತ್ತೆ ಸಾರ್."

"ತೆಗೀರಿ ಅಂತ ನಾನು ಅಂದ್ನಾ? ತೆಗೆದ್ರೆ ಕೇಸು. ಅವರಾಗೇ ಹೋಗ್ತೀವಿ ಅಂದ್ರೆ ತಡಿಯೋಕೆ ನಾವ್ಯಾರು?" ಟೀ ಲೋಟವನ್ನು ನನ್ನ ಕಡೆ ಸರಿಸಿದರು. "ಒಂದಾರು ಜನಾನ ಆ ಕಡೆಗೆ ಶಿಫ್ಟ್ ಮಾಡಿ. ಲೆಟರ್ ಮಾತ್ರ ಕ್ಲೀನ್ ಆಗಿರ್ಬೇಕು. ನಿಮ್ಮ ಕನ್ನಡ ಬಹಳ ಕ್ಲೀನು."

ಅಸಿಸ್ಟೆಂಟ್ ಮ್ಯಾನೇಜರ್ ಜಾಗ ಖಾಲಿ ಇದೆ ಎಂದು ಎದ್ದು ಬರುವಾಗ ಹೇಳಿದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ, ಕಿಟಕಿಯ ಕಡೆ ನೋಡುತ್ತ.

ಟೀ ಚೆನ್ನಾಗಿತ್ತು. ಪೂರ್ತಿ ಕುಡಿದೆ.

15 ಫೆಬ್ರವರಿ, ಸೋಮವಾರ

ಆರು ಜನ ಪ್ಲೇಟಿಂಗಿಗೆ ವರ್ಗವಾದರು. ಕಂಪನಿಯ ಅಗತ್ಯಕ್ಕೆ ತಕ್ಕಂತೆ ಪಟ್ಟಿ ತಯಾರಾಗಿ ಬೋರ್ಡಿಗೆ ಬಿತ್ತು.

ಹುಡುಗೀರ ಗುಂಪು ಬೋರ್ಡಿನ ಹತ್ತಿರ ನಿಂತಿತ್ತು. ಗುಬ್ಬಿಯ ಪ್ರೇಮಲತಾ ಗುಂಪು ಬಿಟ್ಟು ನೇರ ನನ್ನ ಮೇಜಿಗೆ ಬಂದಳು. ಎಸ್ಸೆಸ್ಸೆಲ್ಸಿ ಪಾಸು, ಟಾರ್ಚ್ ಜೋಡಿಸುವ ಫಿಟ್ಟಿಂಗಿನಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿಲ್ಲ.

"ನನ್ನನ್ಯಾಕೆ ಸಾರ್?"

"ರೊಟೇಷನ್ ಕಣಮ್ಮ."

"ರೊಟೇಷನ್ ಅಂದ್ರೆ ಸುತ್ತಬೇಕಲ್ವಾ ಸಾರ್? ಇದು ಒಂದೇ ಕಡೆ ಹೋಗುತ್ತೆ, ವಾಪಸ್ ಬರೋದನ್ನ ನಾವು ಯಾರೂ ನೋಡಿಲ್ಲ."

ಸಾಲಿನಲ್ಲಿ ಯಾರೋ ನಕ್ಕರು. "ಪ್ಲೇಟಿಂಗಿಗೆ ಹಾಕಿದ್ರೆ ಮೂರೇ ತಿಂಗ್ಳಿಗೆ ತವರ್ಮನೆ ಕಣೇ, ಬಾಣಂತನಕ್ಕಿಂತ ಬೇಗ," ಎಂದಳು ಇನ್ನೊಬ್ಬಳು.

ಆಗ ಕದರಮ್ಮ ಮುಂದೆ ಬಂದಳು. ಅಮೃತೂರು ಕಡೆಯವಳು. ಇಲ್ಲಿ ಉಪ್ಪಾರಹಳ್ಳಿಯಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ನಾಲ್ಕು ಹೆಂಗಸರ ಜೊತೆ ಒಂದೇ ರೂಮಿನಲ್ಲಿದ್ದಾಳೆ. ಶನಿವಾರ ಊರಿಗೆ ಹೋಗಿ ಸೋಮವಾರ ಬರುತ್ತಾಳೆ. ಹತ್ತೊಂಬತ್ತು ದಿನವೂ ಗೇಟಿನ ಮುಂದೆ ಮೂರು ಕಲ್ಲು ಹೂಡಿ ನಮಗೆಲ್ಲ ಮುದ್ದೆ ಬೇಯಿಸಿ ಹಾಕಿದವಳು ಅವಳೇ. ಅವಳ ಹೆಸರೂ ಪಟ್ಟಿಯಲ್ಲಿತ್ತು.

"ಬುಡ್ರೇ, ಮಾಲಿಂಗಣ್ಣ ಹಾಕವ್ನೆ ಅಂದ್ರೆ ಏನೋ ಇರ್ತದೆ. ಮೂರು ತಿಂಗ್ಳು ತಾನೆ."

"ಮೂರೇ ತಿಂಗಳು ಕದರಕ್ಕ. ಆಮೇಲೆ ಫಿಟ್ಟಿಂಗಿಗೆ ವಾಪಸ್. ನನ್ನ ಮಾತು," ಎಂದೆ.

"ನಿನ್ ಮಾತು ಸಾಕು ಬುಡಣ್ಣ."

ಮನೆಗೆ ಬಂದು ಯೋಚಿಸಿದೆ, ಪ್ರೇಮಲತಾಳ ಹೆಸರು ಏಕೆ ಬಂತು. ವಯಸ್ಸು ಚಿಕ್ಕದು, ಮೈ ಗಟ್ಟಿ, ತಡೆದುಕೊಳ್ಳುತ್ತಾಳೆ. ಅದೇ ಕಾರಣ.

16 ಫೆಬ್ರವರಿ, ಮಂಗಳವಾರ

ಅದೇ ಕಾರಣವಲ್ಲ. ಜನವರಿಯಲ್ಲಿ ಟೋಕನ್ ಪುಸ್ತಕ ತೆಗೆದು, ಬಚ್ಚಲಲ್ಲಿ ಒಂಬತ್ತು ನಿಮಿಷ ಏನು ಮಾಡುತ್ತಿದ್ದೆ ಎಂದು ಅವಳನ್ನು ಕೇಳಿದ್ದೆ. "ಎಷ್ಟೊತ್ತು ಕೂತಿದ್ದೆ ಅಂತ ಬರ್ದಿದೀರ ಸಾರ್, ಹೆಂಗೆ ಕೂತಿದ್ದೆ ಅಂತಾನೂ ಬರ್ಕೊಳಿ" ಎಂದಳು. ನಲವತ್ತು ಜನ ನಕ್ಕರು. ಆ ನಗುವನ್ನು ನಾನು ಮರೆತಿಲ್ಲ. ಪಟ್ಟಿ ಬರೆಯುವಾಗ ಮೊದಲು ಬಿದ್ದ ಹೆಸರು ಅವಳದು.

27 ಫೆಬ್ರವರಿ, ಶನಿವಾರ

ಮೂರು ಅರ್ಜಿ. ಮೂರೂ ಕ್ಲೀನು.

ಹೆಂಡತಿ ಶಿವರುದ್ರಮ್ಮ ಕಾಫಿ ತಂದಿಟ್ಟು, "ಇವತ್ತು ಯಾರ ಮನೆ ಒಲೆ ಆರಿಸಿದ್ರಿ?" ಎಂದಳು. ತಮಾಷೆಗೆ ಅಂದಳೋ ಏನೋ. ಅವಳ ತಮಾಷೆಗೆ ನಗು ಬರುವುದಿಲ್ಲ.

16 ಮಾರ್ಚ್, ಮಂಗಳವಾರ

ಪ್ಲೇಟಿಂಗಿಗೆ ದಿನಕ್ಕೊಮ್ಮೆ ಹೋಗಲೇಬೇಕು. ಕರವಸ್ತ್ರ ಮೂಗಿಗೆ ಹಿಡಿದು ಹೋಗಿ ಬರುತ್ತೇನೆ. ಹೆಂಗಸರಿಗೆ ಕರವಸ್ತ್ರ ಹಿಡಿಯಲು ಒಂದು ಕೈಯೂ ಬಿಡುವಿಲ್ಲ. ಕೊಟ್ಟ ಗ್ಲೋವ್ಸು ವಾರಕ್ಕೆ ತೂತು, ಹೊಸದು ತಿಂಗಳಿಗೆ. ನಿಕ್ಕಲ್ ನೀರಿನಿಂದ ಕೊಳವೆ ತೆಗೆದು ತೆಗೆದು ಮೊಣಕೈವರೆಗೆ ಕಜ್ಜಿ. ಅವರು ಅದಕ್ಕೆ ನಿಕ್ಕಲ್ ಬಳೆ ಎನ್ನುತ್ತಾರೆ. "ಗಂಡ ಕೊಡಿಸ್ನಿಲ್ಲ, ಕಂಪನಿ ಕೊಡಿಸ್ತು."

ಆರರಲ್ಲಿ ನಾಲ್ವರು ಹೋದರು, ಮೊದಲಿಂದ ಅಲ್ಲಿದ್ದವರಲ್ಲಿ ಏಳು ಜನ. ಕದರಮ್ಮ, ಪ್ರೇಮಲತಾ ಉಳಿದಿದ್ದಾರೆ.

ಒಂದು ಮಾತು ಬರೆಯಲೇಬೇಕು. ನಾನು ದಿನಾ ಪ್ರೇಮಲತಾಳಿಗಾಗಿ ಕಾಯುತ್ತಿದ್ದೇನೆ. ಸಂಜೆ ಕೈ ತೊಳೆದು ನನ್ನ ಮೇಜಿನ ಹತ್ತಿರ ಬಂದು, ಅರ್ಜಿ ಬರ್ಕೊಡಿ ಸಾರ್, ಎನ್ನುತ್ತಾಳೆಂದು ಕಾಯುತ್ತೇನೆ. ಬಂದುಬಿಟ್ಟರೆ ಬರೆದುಕೊಟ್ಟು ಕೈ ಮುಗಿದು ಕಳಿಸಬಹುದು. ಕಣ್ಣ ಮುಂದೆ ಇರುವುದಿಲ್ಲ. ಅವಳು ಬರುವುದಿಲ್ಲ. ಮೇಜಿನ ಮುಂದೆಯೇ ಹಾಯುತ್ತಾಳೆ, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದೂ ಇಲ್ಲ. ಮಿಕ್ಕವರು ಮುಚ್ಚಿಕೊಳ್ಳುತ್ತಾರೆ.

ಒಬ್ಬಳ ಅನ್ನ ಹೋಗಲೆಂದು ಕಾಯುವುದಕ್ಕೆ ನನ್ನ ಹಳೆಯ ಕರಪತ್ರಗಳಲ್ಲಿ ಒಂದು ಪದವಿತ್ತು. ಇಲ್ಲಿ ಬರೆಯುವುದಿಲ್ಲ.

20 ಮಾರ್ಚ್, ಶನಿವಾರ

ಕದರಮ್ಮ ಬಂದಿದ್ದಳು. ಕಾರ್ಖಾನೆಗಲ್ಲ, ಮನೆಗೆ. ಬೆಳಿಗ್ಗೆ ಏಳಕ್ಕೆ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

ಶಿವರುದ್ರಮ್ಮ ಯುಗಾದಿಯದು ಉಳಿದಿದ್ದ ಹೋಳಿಗೆ ತಟ್ಟೆಗೆ ಹಾಕಿ ತಂದಳು. ಕದರಮ್ಮ ಎಡಗೈ ಚಾಚಿ, ನಾಚಿ, ಮತ್ತೆ ಬಲಗೈ ಚಾಚಿ, "ನಮ್ಮನೇಲಿ ಈ ವರ್ಷ ಹೋಳ್ಗೆ ತಟ್ನಿಲ್ಲ ಕಣವ್ವ. ಮುದ್ದೆ ಕಟ್ಟಕ್ಕೂ ಆಗಾಕಿಲ್ಲ. ಸೊಸೆ ಕಟ್ಟಾಕ್ತಾಳೆ, ಉಂಡೆ ಅಲ್ಲ, ಗೋಲಿ ಗಾತ್ರ," ಎಂದು ನಕ್ಕಳು.

ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣ, ಒಂದರ್ಜಿ ಬರ್ಕೊಡು."

ಕಾರ್ಬನ್ ಹಾಳೆ ತೆಗೆದೆ. ನಂಗೂ ಒಂದು ಕಾಪಿ ಇರ್ಲಿ ಎಂದಿದ್ದಳು.

"ಬರ್ಕೊ. ಕೈಯೆಲ್ಲಾ ಹುಣ್ಣಾಗದೆ. ಡಾಕ್ಟ್ರು ಆ ನೀರು ಮುಟ್ಬೇಡ ಅಂದವ್ರೆ. ಅದ್ಕೆ ಕೈ ವಾಸಿ ಆಗಾಗಂಟ ರಜ ಬೇಕು. ವಾಸಿ ಆದ್ಮೇಲೆ ನನ್ನ ಫಿಟ್ಟಿಂಗ್‌ಗೇ ಹಾಕ್ಬೇಕು. ಮೊದ್ಲಿಂದ್ಲೂ ನಂದು ಫಿಟ್ಟಿಂಗು. ಫ್ಯಾನಿಗೆ ವೈರ್ ಹಾಕ್ಸಿ ಅಂತಾನೂ ಬರಿ, ಉಳ್ದಿರಾ ಮಕ್ಳಿಗಾದ್ರೂ ಆಯ್ತದೆ. ಕೆಲ್ಸ ನಾನು ಬುಡಾಕಿಲ್ಲ ಅಂತ ಬರಿ, ಅದ ಸರ್ಯಾಗಿ ಬರಿ."

ಹನ್ನೆರಡು ಅರ್ಜಿಗೆ ಇನ್ನು ಒಂದೇ ಬಾಕಿ ಇತ್ತು. ಜಿ.ಎಂ. ನಿನ್ನೆಯಷ್ಟೇ ಕೇಳಿದ್ದರು.

ನಾನು ಬರೆದೆ. "ಮನೆಯ ಪರಿಸ್ಥಿತಿಯ ನಿಮಿತ್ತ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ. ಕಂಪನಿಯ ಮೇಲೆ ನನ್ನ ಯಾವ ದೂರೂ ಇರುವುದಿಲ್ಲ."

"ಎಲ್ಲಿ, ಓದಣ್ಣ."

ಹಾಳೆಯನ್ನು ಮುಖದ ಎದುರು ಹಿಡಿದುಕೊಂಡು ಓದಿದೆ. ಕೈಯೆಲ್ಲ ಹುಣ್ಣಾಗಿರುವುದರಿಂದ ವಾಸಿಯಾಗುವವರೆಗೆ ರಜೆ ಕೊಡಬೇಕೆಂದೂ, ವಾಸಿಯಾದ ಮೇಲೆ ಫಿಟ್ಟಿಂಗಿಗೇ ಹಾಕಬೇಕೆಂದೂ, ಫ್ಯಾನಿಗೆ ವೈರು ಹಾಕಿಸಬೇಕೆಂದೂ, ಕೆಲಸ ಬಿಡುವುದಿಲ್ಲವೆಂದೂ. ಹಾಳೆಯಲ್ಲಿ ಇಲ್ಲದ್ದನ್ನು ತಡವರಿಸದೆ ಓದಿದೆ. ಸಭೆಯಲ್ಲಿ ನಿಂತು ಓದಿ ಪಳಗಿದ ಗಂಟಲು.

"ಎಷ್ಟು ಚೆಂದಾಗಿ ಬರಿತೀಯಣ್ಣ. ನಾನಂದಿದ್ದು ಒಂದೂ ಬುಟ್ಟಿಲ್ಲ."

ಬಲಗೈಯಲ್ಲಿ ಆಗುವುದಿಲ್ಲ ಎಂದು ಎಡಗೈ ಹೆಬ್ಬೆಟ್ಟು ಒತ್ತಿದಳು. ಕಾಪಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ಹೋದಳು.

21 ಮಾರ್ಚ್, ಭಾನುವಾರ

ಶಿವರುದ್ರಮ್ಮ ಅವರೆಕಾಳು ಹಿಸುಕುತ್ತ ಕೇಳಿದಳು: "ಅವಳು ಹೇಳಿದ್ದು ಅಷ್ಟುದ್ದ. ನೀವು ಬರ್ದಿದ್ದು ಎರಡೇ ಸಾಲು. ಪೆನ್ನು ನಿಂತ ಮೇಲೂ ಅವಳು ಹೇಳ್ತಾನೇ ಇದ್ಲು."

ಪೇಪರ್ ಬಿಡಿಸಿ ಕೂತೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

14 ಏಪ್ರಿಲ್, ಬುಧವಾರ

ಅಸಿಸ್ಟೆಂಟ್ ಮ್ಯಾನೇಜರ್ ಆರ್ಡರ್ ಬಂತು. ಬೆಳ್ಳಾವಿಯಿಂದ ತಮ್ಮ ಫೋನ್ ಮಾಡಿ, "ಏನ್ಲಾ ಅಣ್ಣಯ್ಯ, ಸಾಹೇಬ್ನಾಗ್ಬುಟ್ಟೆ" ಎಂದ. ಹೊಸ ಕುರ್ಚಿಗೆ ಕೈ ಇದೆ.

ಪ್ರೇಮಲತಾ ಇನ್ನೂ ಪ್ಲೇಟಿಂಗಿನಲ್ಲಿದ್ದಾಳೆ. ನನಗೆ ಅಭಿನಂದನೆ ಹೇಳದವಳು ಅವಳೊಬ್ಬಳೇ. ಅದಕ್ಕೆ ಬೇಸರವಾಗಲಿಲ್ಲ. ಏಕೋ ಗೊತ್ತಿಲ್ಲ.

10 ಮೇ, ಸೋಮವಾರ

ಹತ್ತು ಗಂಟೆ ಟೀ ಹೊತ್ತಿಗೆ ಗೇಟಿನಿಂದ ಸೆಕ್ಯುರಿಟಿ ಕರೆದ. ಹೋದೆ. ಕದರಮ್ಮ ನಿಂತಿದ್ದಳು. ಹೊಸ ಸೀರೆ. ಕೈಯಲ್ಲಿ ಎರಡು ತೆಂಗಿನಕಾಯಿ ಇದ್ದ ಚೀಲ. ಬಲಗೈ ತಿರುಗಿಸಿ ತೋರಿಸಿದಳು.

"ನೋಡಣ್ಣ, ವಾಸಿ ಆಯ್ತು. ಮೊನ್ನೆ ಮೂರು ಸೇರಿಂದು ಮುದ್ದೆ ಕಟ್ದೆ. ಕೆಲ್ಸಕ್ಕೆ ಬಂದೆ. ಇವ್ನು ಒಳಕ್ಕೆ ಬುಡಾಕಿಲ್ಲ ಅಂತವ್ನೆ."

"ರಿಜಿಸ್ಟರಲ್ಲಿ ಹೆಸ್ರಿಲ್ಲ ಸಾರ್. ಸ್ವಇಚ್ಛೆ ಅಂತದೆ," ಎಂದ ಸೆಕ್ಯುರಿಟಿ.

"ಅದೇನ್ಲಾ ಸ್ವಿಚ್ಚು? ನಾನು ಬರ್ಸಿದ್ದು ರಜ ಕಣ್ಲಾ. ನನ್ ತಾವ ಕಾಪಿ ಅದೆ." ಎಲೆಅಡಿಕೆ ಚೀಲದಿಂದ ಕಾಗದ ತೆಗೆದಳು. ಟೀ ಕುಡಿಯಲು ಬಂದಿದ್ದ ಹೆಂಗಸರು ಗೇಟಿನ ಒಳಗೆ ಸೇರಿದ್ದರು. ಅವರ ನಡುವೆ ಪ್ರೇಮಲತಾ. "ಬಾವ್ವ ಪ್ರೇಮ, ಇವ್ನಿಗೆ ಓದಿ ಹೇಳು."

ನಾನು ಕಾಗದಕ್ಕೆ ಕೈ ಚಾಚಿದೆ. ಪ್ರೇಮಲತಾ ಕಂಬಿಯ ಸಂದಿಯಿಂದ ಮೊದಲೇ ತೆಗೆದುಕೊಂಡಿದ್ದಳು. ಒಮ್ಮೆ ತನ್ನೊಳಗೇ ಓದಿಕೊಂಡಳು. ನನ್ನ ಮುಖ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, ಏರಿಳಿತವಿಲ್ಲದೆ, ಎರಡು ಸಾಲನ್ನೂ ಓದಿದಳು.

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಕದರಮ್ಮ ಕಾಗದವನ್ನು ವಾಪಸ್ ತೆಗೆದುಕೊಂಡು, ಬರೆದದ್ದು ಬದಲಾಗಿದೆಯೇನೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು.

"ಅಣ್ಣ, ನೀನು ಓದಿದ್ದು ಬ್ಯಾರೆ ಇತ್ತಲ್ಲ."

ಫೋನ್ ಬಂದಿದೆ ಎಂದು ಹೇಳಿ ಒಳಗೆ ಬಂದೆ. ಫೋನ್ ಬಂದಿರಲಿಲ್ಲ. ಸಂಜೆ ಹೊರಡುವಾಗ ಸೆಕ್ಯುರಿಟಿ ಎರಡು ತೆಂಗಿನಕಾಯಿ ಕೊಟ್ಟ. ನಿಮಗೆ ಅಂತ ತಂದಿದ್ದಂತೆ, ಹೊತ್ಕೊಂಡು ಹೋಗಕ್ಕಾಗಲ್ಲ ಅಂತ ಇಟ್ಟೋದ್ರು, ಎಂದ.

19 ಮೇ, ಬುಧವಾರ

ಲೇಬರ್ ಆಫೀಸಿನಿಂದ ನೋಟೀಸು. ಪ್ರೇಮಲತಾ ಬರೆದುಕೊಟ್ಟ ದೂರು, ಕದರಮ್ಮನ ಹೆಬ್ಬೆಟ್ಟು. ಕೇಳಿರುವುದು ಒಂದೇ: ನಾನು ಕೆಲಸ ಬಿಟ್ಟಿಲ್ಲ, ನನ್ನ ಕೆಲಸ ನನಗೆ ಕೊಡಿ.

ಜಿ.ಎಂ. ಮತ್ತೆ ಕೂರಿಸಿದರು.

"ಕಂಪನಿ ಕಡೆ ಸಾಕ್ಷಿ ನೀವು. ನೀವು ಬರೆದ್ರಿ, ಓದಿ ಹೇಳಿದ್ರಿ, ಆಕೆ ಹೆಬ್ಬೆಟ್ಟು ಒತ್ತಿದ್ಲು. ಸರಿ ತಾನೆ?"

"ಓದಿ ಹೇಳಿದೆ ಸಾರ್."

"ಅಷ್ಟೇ ಹೇಳಿ. ಅದರಲ್ಲಿ ಸುಳ್ಳೇನಿದೆ?"

ಸುಳ್ಳೇನಿಲ್ಲ. ಅದೇ ಬೆಳಗಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಓದಿ ಹೇಳಿದೆ. ಇಷ್ಟು ಶುದ್ಧವಾದ ನಿಜವನ್ನು ನಾನು ಯಾವತ್ತೂ ಆಡಿರಲಿಲ್ಲ.

ಫೆಬ್ರವರಿಯ ಪುಟ ತಿರುಗಿಸಿದೆ. "ಆರು ಜನ ವರ್ಗವಾದರು, ಪಟ್ಟಿ ತಯಾರಾಗಿ ಬೋರ್ಡಿಗೆ ಬಿತ್ತು" ಎಂದು ಬರೆದಿದ್ದೇನೆ. ಪಟ್ಟಿ ತಾನಾಗಿ ತಯಾರಾಗಲಿಲ್ಲ. ನಾನು ಮಾಡಿದೆ. ನಾನು ಹಾಕಿದೆ. ಪಿನ್ನು ಚುಚ್ಚಿದ್ದೂ ನಾನೇ.

23 ಮೇ, ಭಾನುವಾರ

ಕುಣಿಗಲ್ಲಿಗೆ ಹೋಗಿ ಅಲ್ಲಿಂದ ಪ್ರೈವೇಟ್ ಬಸ್ಸು ಹಿಡಿದು ಅಮೃತೂರಿಗೆ ಹೋದೆ. ಶಿವರುದ್ರಮ್ಮನಿಗೆ ಹೇಳಲಿಲ್ಲ. ಆದರೂ ಅವಳು ಬಿಳಿ ಹಾಳೆ ಇದ್ದ ಚೀಲ ಬಾಗಿಲ ಹತ್ತಿರ ಇಟ್ಟಿದ್ದಳು.

ಕದರಮ್ಮ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ಪ್ರೇಮಲತಾ ಪಕ್ಕದಲ್ಲೇ ಕೂತು ಬೀಜ ಬಿಡಿಸುತ್ತಿದ್ದಳು. ಕದರಮ್ಮ ತಲೆಯೆತ್ತಿ ನೋಡಿ ಮತ್ತೆ ಕುಟ್ಟತೊಡಗಿದಳು. ಕೂತ್ಕೊ ಎನ್ನಲಿಲ್ಲ. ನಾನೇ ಮೆಟ್ಟಿಲ ಮೇಲೆ ಕೂತೆ.

"ತಪ್ಪಾಯ್ತು ಕದರಕ್ಕ."

"ಆಯ್ತು ಅನ್ಬೇಡ. ಅದು ತಾನಾಗೇ ಆಯ್ತಾ?"

ಕುಟ್ಟುತ್ತಲೇ ಹೇಳಿದಳು: "ಮೂರು ಜನ ಸಾಹೇಬ್ರು ನಂಗೆ ಮೋಸ ಮಾಡವ್ರೆ, ಅವ್ರ ಹೆಸ್ರು ಮರ್ತೋಗದೆ. ನೀನು ನಾನು ಬೇಯ್ಸಿದ್ ಮುದ್ದೆ ಉಂಡೋನು. ಅದ್ಕೆ ನಿದ್ದೆ ಬರಾಕಿಲ್ಲ ಕಣಣ್ಣ ನಂಗೆ. ನಿಂಗೆ ಬತ್ತದಾ?"

ಲೇಬರ್ ಆಫೀಸಿಗೆ ಹೇಳಿಕೆ ಬರೆದುಕೊಡುತ್ತೇನೆ ಎಂದೆ. ಅಲ್ಲೇ ಕೂತು ಬರೆಯಲು ಶುರು ಮಾಡಿದೆ. ಎಷ್ಟೋ ವರ್ಷಗಳ ಮೇಲೆ ಕೈ ಓಡಿತು. ಬಂಡವಾಳದ ಕ್ರೌರ್ಯ, ಶೋಷಿತ ಮಹಿಳೆಯರ ಬೆವರು, ಉಳ್ಳವರ ಕುತಂತ್ರ. ಒಂದೂವರೆ ಪುಟ ತುಂಬಿತು.

ಪ್ರೇಮಲತಾ ಹಾಳೆ ಇಸಿದುಕೊಂಡಳು. ಅವಳ ಕೈಯಲ್ಲಿ ಮೊಣಕೈವರೆಗೆ ಕಪ್ಪು ಕಲೆ. ಪೂರ್ತಿ ಓದಿ, ವಾಪಸ್ ಕೊಟ್ಟಳು.

"ಚೆನ್ನಾಗಿದೆ ಸಾರ್. ಆದ್ರೆ ಇದ್ರಲ್ಲಿ ನೀವೆಲ್ಲಿದೀರ?"

"ಅಂದ್ರೆ?"

"ಉಳ್ಳವರು ಮಾಡಿದ್ರು, ಬಂಡವಾಳ ಮಾಡ್ತು ಅಂತ ಬರ್ದಿದೀರ. ಪಟ್ಟಿ ಮಾಡಿದ್ದು ಬಂಡವಾಳನಾ? ಹಾಳೆ ಮುಖಕ್ಕೆ ಅಡ್ಡ ಹಿಡಿದು ಓದಿದ್ದು ಬಂಡವಾಳನಾ? 'ನಾನು' ಅಂತ ಶುರು ಮಾಡಿ ಸಾರ್. ಹತ್ತು ಸಾಲು ಸಾಕು."

ಕದರಮ್ಮ ಒನಕೆ ನಿಲ್ಲಿಸಿ ನಕ್ಕಳು. "ಇವ್ಳು ನಿಂಗಿಂತ ದೊಡ್ ಸೂಪರ್‌ವೈಸರ್ ಕಣಣ್ಣ."

ಹರಿದು ಹಾಕಿ ಮತ್ತೆ ಬರೆದೆ. ನಾನು ಆರು ಜನರನ್ನು ಪ್ಲೇಟಿಂಗಿಗೆ ಹಾಕಿದೆ, ಅವರು ತಾವಾಗಿ ಬಿಟ್ಟು ಹೋಗಲಿ ಎಂದು. ನಾನು ಕದರಮ್ಮನವರು ಹೇಳಿದ್ದನ್ನು ಬರೆಯಲಿಲ್ಲ. ನಾನು ಬರೆದದ್ದನ್ನು ಓದಲಿಲ್ಲ. ಅವರು ಕೇಳಿದ್ದು ರಜೆ. ಹನ್ನೊಂದು ಸಾಲಾಯಿತು. ಇಷ್ಟು ಚಿಕ್ಕದು ಬರೆಯಲು ಒಂದು ಗಂಟೆ ಹಿಡಿಯಿತು. ಓದಿ ಹೇಳಲು ನಾನು ಬಾಯಿ ತೆರೆದೆ. ಕದರಮ್ಮ ತಡೆದಳು.

"ನೀನು ಬ್ಯಾಡ. ಅವ್ಳು ಓದ್ಲಿ."

ಹೊರಡುವಾಗ ನೀರು ಕೊಟ್ಟಳು. ಊಟಕ್ಕೆ ಏಳು ಎನ್ನಲಿಲ್ಲ.

31 ಮೇ, ಸೋಮವಾರ

ಬೆಳಿಗ್ಗೆ ಹೇಳಿಕೆಯನ್ನು ಲೇಬರ್ ಆಫೀಸಿನಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಕಾರ್ಖಾನೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಜಿ.ಎಂ.ಗೆ ತಿಳಿದಿತ್ತು. ಈ ಸಲ ಕೂರಿಸಲಿಲ್ಲ.

"ಕುಣಿಗಲ್ ಗೋಡೌನಿಗೆ ಒಬ್ರು ಬೇಕಾಗಿತ್ತು ಮಹಾಲಿಂಗಯ್ಯನವ್ರೇ. ನಾಳೆಯಿಂದ ಅಲ್ಲಿ ರಿಪೋರ್ಟ್ ಮಾಡ್ಕೊಳಿ. ಕಂಪನಿಯ ಅಗತ್ಯ."

ಆ ಗೋಡೌನು ಗೊತ್ತು. ತಗಡಿನ ಶೀಟು, ಮಾರಾಟವಾಗದ ಟಾರ್ಚುಗಳ ರಾಶಿ, ಕೂರಲು ಡಬ್ಬ. ಅಲ್ಲಿಗೆ ಹೋದ ಮ್ಯಾನೇಜರುಗಳು ಎರಡು ತಿಂಗಳಿಗಿಂತ ಹೆಚ್ಚು ನಿಂತಿಲ್ಲ.

"ಕಷ್ಟ ಆದ್ರೆ ಲೆಟರ್ ಕೊಡ್ಬೋದು. ನಿಮಗಾದ್ರೆ ಯಾರೂ ಬರ್ಕೊಡೋದು ಬೇಡ ಅಲ್ವಾ."

"ಕೊಡಲ್ಲ ಸಾರ್," ಎಂದೆ. ಧ್ವನಿ ಏರಿಸಲಿಲ್ಲ. ಏರಿಸುವ ಹಕ್ಕು ನನಗಿಲ್ಲ. ನಾನು ಬರೆದುಕೊಟ್ಟ ಅರ್ಜಿಗಳು ಅವರ ಬೀರುವಿನಲ್ಲಿವೆ. ಹಾಗೆ ಹೋದವರಲ್ಲಿ ಒಬ್ಬಳಿಗಾದರೂ, ಕೊಡಬೇಡಮ್ಮ, ತಡ್ಕೊ, ಜೊತೆಗೆ ನಾನಿದ್ದೇನೆ, ಎಂದು ಹೇಳಿದ್ದರೆ? ಹೇಳಲಿಲ್ಲ. ಪ್ರೇಮಲತಾಳಿಗೆ ಯಾರೂ ಹೇಳಲಿಲ್ಲ, ಆದರೂ ಅವಳು ನಿಂತಳು.

2 ಜೂನ್, ಬುಧವಾರ

ಲೇಬರ್ ಆಫೀಸಿನಲ್ಲಿ ಮೊದಲ ಸಭೆ. ಗೋಡೌನಿಗೆ ಒಂದು ದಿನ ರಜೆ ಹಾಕಿ ಬಂದೆ. ಒಂದು ಕಡೆ ಕಂಪನಿಯ ಬೆಂಚು, ಇನ್ನೊಂದು ಕಡೆ ಹೆಂಗಸರ ಬೆಂಚು. ಕಂಪನಿಯ ಬೆಂಚಿನಲ್ಲಿ ಕೂರುವಂತಿಲ್ಲ. ಹೆಂಗಸರು ಜಾಗ ಬಿಡಲಿಲ್ಲ. ಬಾಗಿಲ ಹತ್ತಿರ ನಿಂತೆ.

ಲೇಬರ್ ಆಫೀಸರ್ ನನ್ನ ಹೇಳಿಕೆ ಓದಿ ಕನ್ನಡಕ ತೆಗೆದರು. "ಇದು ನಿಮ್ಮದೇ ಏನ್ರೀ?"

"ನನ್ನದೇ."

"ಇದು ನಿಮ್ಮ ಮೇಲೇ ತಿರುಗುತ್ತೆ, ಗೊತ್ತಾ?"

"ಗೊತ್ತು."

ಕಂಪನಿಯ ಲಾಯರು ಎದ್ದು, ಈತ ಪ್ಲೇಟಿಂಗಿಗೆ ಹಾಕಿದ, ಈತ ಮೋಸ ಮಾಡಿದ, ಈತನೇ ಒಪ್ಪಿದ್ದಾನೆ, ಕಂಪನಿಗೆ ಇದರ ಅರಿವೇ ಇಲ್ಲ ಎಂದರು. ಎಲ್ಲವನ್ನೂ ನನ್ನ ಮೇಲೆ ಹಾಕಿ ಕೈ ತೊಳೆಯುವ ದಾರಿ ಅದು. ಹನ್ನೊಂದು ಸಾಲಿನಲ್ಲಿ ನಾನೇ ಕಡಿದುಕೊಟ್ಟ ದಾರಿ. ಜಿ.ಎಂ. ನೆಲ ನೋಡುತ್ತಿದ್ದರು.

ಪ್ರೇಮಲತಾ ಎದ್ದಳು. "ಇವರು ಮಾಡಿದ್ದು ಹೌದು ಸಾರ್. ಆದ್ರೆ ಹಿಂಗೆ ಹೋದೋರು ಇಪ್ಪತ್ತು ಜನ. ಇವರೊಬ್ಬರ ಚಟಕ್ಕೆ ಇಪ್ಪತ್ತು ಜನ ಹೋದ್ರಾ? ಇವರಿಗೆ ಪ್ರಮೋಷನ್ ಕೊಟ್ಟಿದ್ಯಾರು? ಒಬ್ಬೊಬ್ಬರನ್ನೂ ಕರ್ಕೊಂಡು ಬರ್ತೀವಿ, ಟೈಮ್ ಕೊಡಿ."

"ನಿಮಗೇನು ಬೇಕಮ್ಮ? ಪರಿಹಾರವಾ?" ಎಂದು ಆಫೀಸರ್ ಕದರಮ್ಮನನ್ನು ಕೇಳಿದರು.

"ಅದೇನೂ ಬ್ಯಾಡ ಸೋಮಿ. ನನ್ ಜಾಗ ಬೇಕು. ಕಿಟ್ಕಿ ಪಕ್ಕದ್ದು."

ಹತ್ತು ದಿನ ಕೊಟ್ಟರು. ಹೊರಗೆ ಬೇವಿನ ಮರದ ಕೆಳಗೆ ಹೆಂಗಸರು ಸುತ್ತ ನಿಂತು ಯಾರ್ಯಾರ ಊರಿಗೆ ಯಾರು ಹೋಗಿ ಕರೆತರುವುದು ಎಂದು ಹಂಚಿಕೊಳ್ಳುತ್ತಿದ್ದರು. ದೀಪಾವಳಿಯಿಂದ ಬಿಟ್ಟವರ ಹೆಸರುಗಳು ನನಗೆ ಬಾಯಿಪಾಠ. ದೂರದಿಂದಲೇ ಇಪ್ಪತ್ತನ್ನೂ ಊರಿನ ಸಮೇತ ಹೇಳಿದೆ. ಪ್ರೇಮಲತಾ ಬರೆದುಕೊಂಡಳು. ಒಂದು ಹೆಸರಿಗೂ ತಲೆಯೆತ್ತಿ ನೋಡಲಿಲ್ಲ.

ನಾನೂ ಬರಲಾ ಎಂದು ಕೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬರ್ಲಿ ಬುಡ್ರೇ," ಎಂದಳು ಕದರಮ್ಮ. ನನಗೆ ಹೇಳಿದಳು: "ಬರೆಯಕ್ಕೂ ಬ್ಯಾಡ, ಭಾಷಣಕ್ಕೂ ಬ್ಯಾಡ. ಅವ್ರೆಲ್ಲ ನಿನ್ ಮಖಕ್ಕೇ ಏನೇನ್ ಅಂತಾರೋ ಅದ್ನ ಕುಂತ್ಕಂಡು ಕೇಳಕ್ಕಾದ್ರೆ ಬಾ."

ಆಗುತ್ತದೆ ಎಂದೆ.

ಬಿಟ್ಟುಹೋದವರೆಲ್ಲ ಸೇರುವುದು ಭಾನುವಾರ, ಜೂನ್ ಆರು. ಬೆಳಿಗ್ಗೆ ಹತ್ತೂವರೆ. ಗುಬ್ಬಿ, ಪ್ರೇಮಲತಾಳ ಮನೆ.